ಶಿರಾಡಿ ಘಾಟಿ ಹತ್ತಲು ಏದುಸಿರು ಬಿಡುವ ಟಾಟಾ 2515 ಲಾರಿ: ಬೋರ್ ಹಾಕಿಸೋದಾ, ಸ್ಲೀವ್ ಕೂರಿಸೋದಾ?

ಕಂಪ್ಲಿ ಲಾರಿ:
ಎಲ್ಲರಿಗೂ ನಮಸ್ಕಾರ. ನಮ್ಮದು 2007ರ ಟಾಟಾ 2515. ಹತ್ತು ಚಕ್ರ, ಕಮ್ಮಿನ್ಸ್ 5.9 ಲೀಟರ್ ಟರ್ಬೊ ಎಂಜಿನ್, ಹಳೇ ಮೆಕ್ಯಾನಿಕಲ್ ಪಂಪ್. 2012ರಲ್ಲಿ ಅಪ್ಪ ಸೆಕೆಂಡ್‌ಹ್ಯಾಂಡ್ ತಗೊಂಡಿದ್ದು. ಅದಕ್ಕೂ ಮುಂಚೆ ಅದಿರು ಹೊಡೆಯುತ್ತಿದ್ದ ಗಾಡಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿತಲ್ಲ, ಆಗ ನಮ್ಮ ಕಡೆ ಲಾರಿಗಳು ಬಂದ ಬೆಲೆಗೆ ಹೋದವು. ಅದರಲ್ಲಿ ಇದೂ ಒಂದು.

ಈಗ ಗಂಗಾವತಿಯಿಂದ ಮಂಗಳೂರಿಗೆ ಅಕ್ಕಿ, ವಾಪಸ್ ಬರುವಾಗ ಪಣಂಬೂರಿನಿಂದ ಗೊಬ್ಬರ. ಮೊದಲೆಲ್ಲ ಲೋಡ್ ಹಾಕಿಕೊಂಡು ಶಿರಾಡಿಯಲ್ಲಿ ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಕಡೆ ಈಗ ಎರಡಕ್ಕೆ ಇಳಿಸಬೇಕು. 300 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಕುಡಿಯುತ್ತಿದೆ. ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಲ್ಲಿ ಬೀಡಿ ಸೇದಿದ ಹಾಗೆ ಹೊಗೆ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಮೂರನೇ ಸಲಕ್ಕೆ ಎದ್ದೇಳುತ್ತದೆ.

ನಮ್ಮ ಮೇಸ್ತ್ರಿ ಹೇಳಿದ್ದು ಇಷ್ಟು: "ಬೋರ್ ಹಾಕ್ಸಿ ಬಿಡಪ್ಪ, ದೊಡ್ಡ ಪಿಸ್ಟನ್ ಬರುತ್ತೆ, ಪವರ್ರೂ ಜಾಸ್ತಿ ಆಗುತ್ತೆ." ನಿಜನಾ? ಎಷ್ಟು ಬೋರ್ ಹಾಕಿಸಬೇಕು? ಈ ಎಂಜಿನ್‌ಗೆ ಲೈನರ್ (ಸಿಲಿಂಡರ್ ಒಳಗೆ ಕೂರುವ, ಬದಲಾಯಿಸಬಹುದಾದ ಕೊಳವೆ, ಸ್ಲೀವ್ ಅಂತಲೂ ಅಂತಾರೆ) ಇಲ್ಲವಂತೆ, ಅದಕ್ಕೇ ಭಯ.

ಬೋರಿಂಗ್ ಬಸಣ್ಣ:
ತಮ್ಮಾ, ದಾವಣಗೆರೆಯಲ್ಲಿ ಬೋರಿಂಗ್ ಮೆಷಿನ್ ಮುಂದೆ 31 ವರ್ಷ ನಿಂತಿದ್ದೇನೆ. ಮೊದಲು ಒಂದು ಲೆಕ್ಕ ನೋಡು, ಆಮೇಲೆ ಮೇಸ್ತ್ರಿ ಮಾತು.

ನಿನ್ನ ಎಂಜಿನ್ ಬೋರ್, ಅಂದರೆ ಸಿಲಿಂಡರ್ ತೂತಿನ ಅಗಲ, 102 ಎಂಎಂ. ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಉದ್ದ, 120. ಆರು ಸಿಲಿಂಡರ್ ಸೇರಿ 5,883 ಸಿಸಿ. ಅರ್ಧ ಎಂಎಂ ಬೋರ್ ಹಾಕಿದರೆ 5,941. ಒಂದು ಎಂಎಂ ಹಾಕಿದರೆ 5,999. ಅಂದರೆ ಕೊನೇ ಸೈಜಿಗೆ ಹೋದರೂ ಜಾಸ್ತಿ ಆಗೋದು 116 ಸಿಸಿ. ಹೋಟೆಲ್‌ನಲ್ಲಿ ಕೊಡುವ ಒಂದು ಲೋಟ ಟೀ! ಅದನ್ನೂ ಆರು ಜನಕ್ಕೆ ಹಂಚಬೇಕು. ಮೇಲಾಗಿ ಪಂಪ್ ಕೊಡುವ ಡೀಸೆಲ್ ಅಷ್ಟೇ ಇರುತ್ತದೆ. ಪವರ್ ಎಲ್ಲಿಂದ ಬರುತ್ತದೆ?

ಬೋರ್ ಹಾಕಿಸೋದು ಪವರ್‌ಗಲ್ಲ. ಸವೆದು ಓರೆಯಾದ ತೂತನ್ನು ಮತ್ತೆ ದುಂಡಗೆ, ನೇರಕ್ಕೆ ತರೋದಕ್ಕೆ. ಕಳೆದುಹೋದ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ವಾಪಸ್ ಬರುತ್ತದೆ, ಅದನ್ನೇ ಜನ ಪವರ್ ಜಾಸ್ತಿ ಆಯಿತು ಅನ್ನುತ್ತಾರೆ.

ಈಗಲೇ ಬಿಚ್ಚಬೇಡ. ಮೊದಲು ಏರ್ ಕ್ಲೀನರ್‌ನಿಂದ ಟರ್ಬೊಗೆ ಹೋಗುವ ಹೋಸ್ ಬಿಚ್ಚಿ, ಅದರ ಒಳಗೆ ಬೆರಳು ಹಾಕಿ ನೋಡು. ಟರ್ಬೊ ಶಾಫ್ಟ್ ಹಿಡಿದು ಅಲ್ಲಾಡಿಸು. ಆಯಿಲ್ ಟರ್ಬೊದಿಂದಲೂ ಹೋಗಬಹುದು. ಆರೂ ಸಿಲಿಂಡರ್ ಕಂಪ್ರೆಷನ್ ಚೆಕ್ ಮಾಡಿಸು. ಅಷ್ಟು ಮಾಡಿ ಬಂದು ಹೇಳು.

ಹೈವೇ ಹನುಮ:
ಅಣ್ಣ, ತಪ್ಪು ತಿಳಿಬೇಡಿ. ಹದಿನೈದು ವರ್ಷ ದಾಟಿದ ಗಾಡಿ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಫೀಸು 2022ರ ಏಪ್ರಿಲ್‌ನಿಂದ ಎಷ್ಟಾಗಿದೆ ಅಂತ ನಿಮಗೇ ಗೊತ್ತು. ಇದಕ್ಕೆ ಇನ್ನೂ ದುಡ್ಡು ಸುರಿಯೋ ಬದಲು ಗುಜರಿಗೆ ಹಾಕಿ ಬೇರೆ ಗಾಡಿ ನೋಡಬಾರದಾ?

ಕಂಪ್ಲಿ ಲಾರಿ:
ಹನುಮಣ್ಣ, ಹೊಸ ಗಾಡಿ ಕಂತು ಕಟ್ಟಿ ನಿದ್ದೆ ಕೆಡಿಸಿಕೊಂಡವರನ್ನು ನಮ್ಮ ಬೀದಿಯಲ್ಲೇ ನಾಲ್ಕು ಜನ ನೋಡಿದ್ದೇನೆ. ಇದರ ಮೇಲೆ ಒಂದು ರೂಪಾಯಿ ಸಾಲ ಇಲ್ಲ. ಚಾಸಿ ಗಟ್ಟಿ ಇದೆ, ಹೌಸಿಂಗ್ ಗಟ್ಟಿ ಇದೆ. ಇನ್ನೊಂದು ಐದು ವರ್ಷ ಓಡಿಸೋ ಆಸೆ.

ಬಸಣ್ಣ, ನೀವು ಹೇಳಿದ್ದು ಮಾಡಿದೆ. ಹೋಸ್‌ನ ಕೆಳಭಾಗದಲ್ಲಿ, ಕಣ್ಣಿಗೆ ಕಾಣದ ಕಡೆ, ನಾಲ್ಕು ಬೆರಳಗಲ ಸೀಳು! ಅದಕ್ಕೆ ಯಾರೋ ಕರೆಂಟಿನವರು ಸುತ್ತುವ ಕರಿ ಟೇಪ್ ಸುತ್ತಿದ್ದಾರೆ. ಟೇಪ್ ಬಿಸಿಗೆ ಬಿಚ್ಚಿಕೊಂಡು ಬಾವುಟದ ಹಾಗೆ ಜೋತಾಡುತ್ತಿದೆ. ಬೆರಳು ಒಳಗೆ ಹಾಕಿದರೆ ಕೆಂಪು ಧೂಳು, ಕುಂಕುಮ ಮೆತ್ತಿದಂಗೆ. ಟರ್ಬೊದ ಗಾಳಿ ಎಳೆಯುವ ಫ್ಯಾನ್‌ನ ಅಂಚು ಇಲಿ ಕಡಿದ ಹಾಗಿದೆ.

ಕಂಪ್ರೆಷನ್ ಆರರಲ್ಲೂ ಕಡಿಮೆ. ನಾಲ್ಕನೇದರಲ್ಲಿ ತೀರಾ ಕಡಿಮೆ.

ಬೋರಿಂಗ್ ಬಸಣ್ಣ:
ಸಿಕ್ಕಿತಲ್ಲ ಕಳ್ಳ. ಎಂಜಿನ್‌ಗೆ ವಯಸ್ಸಾಗಿದ್ದಲ್ಲ, ಮಣ್ಣು ತಿಂದಿದ್ದು. ಏರ್ ಕ್ಲೀನರ್ ದಾಟಿದ ಮೇಲೆ ಸೀಳು ಬಿದ್ದರೆ ಫಿಲ್ಟರ್ ಇದ್ದೂ ಇಲ್ಲದ ಹಾಗೆ. ಟರ್ಬೊ ಅಲ್ಲಿಂದ ಜೋರಾಗಿ ಎಳೆಯುತ್ತದೆ. ಆ ಧೂಳು ಆಯಿಲ್ ಜೊತೆ ಸೇರಿ ಗ್ರೈಂಡಿಂಗ್ ಪೇಸ್ಟ್ ಆಗುತ್ತದೆ. ಗಣಿ ಕಡೆ ಓಡಿದ ಗಾಡಿಗಳಲ್ಲಿ ನಾನು ಇದನ್ನು ಎಷ್ಟು ನೋಡಿದ್ದೇನೋ ಲೆಕ್ಕ ಇಲ್ಲ.

ಹೊಸ ಹೋಸ್ ಹಾಕದೆ ಎಂಜಿನ್ ಕೆಲಸ ಮಾಡಿಸಿದರೆ ಒಂದೇ ವರ್ಷಕ್ಕೆ ವಾಪಸ್ ನನ್ನ ಹತ್ತಿರವೇ ಬರುತ್ತೀಯ. ಈಗ ಬಿಚ್ಚಬಹುದು.

ಬೆಂಜ್ ಕಾಲದವನು:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೈಕೋಬೇಡಿ. ನಮ್ಮ ಕಾಲದಲ್ಲಿ ಟಾಟಾ ಗಾಡಿಗೆ "ಬೆಂಜ್ ಲಾರಿ" ಅಂತಲೇ ಹೆಸರು. 1954ರಿಂದ 1969ರವರೆಗೆ ಟಾಟಾದವರಿಗೂ ಡೈಮ್ಲರ್ ಬೆಂಜ್‌ಗೂ ಒಪ್ಪಂದ ಇತ್ತು. ಮೂಗಿನ ಮೇಲೆ ನಕ್ಷತ್ರ ಇರುತ್ತಿತ್ತು. ಒಪ್ಪಂದ ಮುಗಿದು ನಕ್ಷತ್ರ ಹೋದರೂ ನಮ್ಮೂರಲ್ಲಿ ಬೆಂಜ್ ಅನ್ನೋದು ಹೋಗಲಿಲ್ಲ.

692, 697 ಅಂತ ಎಂಜಿನ್ ಇತ್ತಲ್ಲ, ಆ ನಂಬರ್ ಯಾಕೆ ಅಂತ ಈಗಿನ ಹುಡುಗರಿಗೆ ಗೊತ್ತಾ? 6 ಅಂದರೆ ಆರು ಸಿಲಿಂಡರ್. 92, 97 ಅಂದರೆ ಬೋರ್ ಎಷ್ಟು ಎಂಎಂ ಅಂತ. ಎಂಜಿನ್ ಹೆಸರೇ ಅದರ ಜಾತಕ. 697ರಲ್ಲಿ ಸ್ಲೀವ್ ಹೊಡೆದು ತೆಗೆದು, ಹೊಸದು ಕೂರಿಸಿ, ಬೋರ್ ಹಾಕಿ ಮತ್ತೆ ಸ್ಟ್ಯಾಂಡರ್ಡ್ ಪಿಸ್ಟನ್ನೇ ಹಾಕುತ್ತಿದ್ದರು. ಈ ಕಮ್ಮಿನ್ಸ್‌ನಲ್ಲಿ ಬ್ಲಾಕೇ ಬೋರ್, ಸ್ಲೀವ್ ಇಲ್ಲ. ಅದಕ್ಕೇ ನಮ್ಮ ಕಡೆ ಮೇಸ್ತ್ರಿಗಳು ಮೊದಮೊದಲು "ಇದು ಯೂಸ್ ಅಂಡ್ ಥ್ರೋ ಎಂಜಿನ್" ಅನ್ನುತ್ತಿದ್ದರು. ಆಮೇಲೆ ಅವರೇ ಬೋರ್ ಹಾಕಿ ಓಡಿಸಿದರು ಬಿಡಿ.

ಡಿಪ್ಲೊಮಾ ಹುಡುಗ:
ಬಸಣ್ಣ ಸರ್, ಒಂದು ಡೌಟು. ಬೋರ್ ಹಾಕದೆ ಸುಮ್ನೆ ಪಿಸ್ಟನ್ ಸುತ್ತ ಕೂರೋ ಹೊಸ ರಿಂಗ್ ಸೆಟ್ ಹಾಕಿದರೆ ಆಗಲ್ವಾ? ನಮ್ಮ ಕಾಲೇಜು ಪಕ್ಕದ ಗ್ಯಾರೇಜಿನಲ್ಲಿ ಹಾಗೇ ಮಾಡುತ್ತಾರೆ.

ಬೋರಿಂಗ್ ಬಸಣ್ಣ:
ಅಳತೆ ನೋಡಿ ಹೇಳಬೇಕು. ಕಂಪನಿ ಲೆಕ್ಕದಲ್ಲಿ ಮೇಲೆ ಕೆಳಗೆ ವ್ಯತ್ಯಾಸ, ಅಂದರೆ ಟೇಪರ್, 0.076 ಎಂಎಂ ದಾಟಬಾರದು. ಓವಲ್, ಅಂದರೆ ದುಂಡು ತಪ್ಪಿರೋದು, 0.038 ದಾಟಬಾರದು. ಅದರ ಒಳಗಿದ್ದರೆ ಬೋರ್ ಗೋಡೆ ಉಜ್ಜುವ ಹೋನಿಂಗ್ ಕಲ್ಲು ಆಡಿಸಿ ರಿಂಗ್ ಹಾಕಬಹುದು. ದಾಟಿದ ಮೇಲೆ ರಿಂಗ್ ಹಾಕಿದರೆ ಮೂರು ತಿಂಗಳ ನೆಮ್ಮದಿ, ಅಷ್ಟೇ.

ಕಂಪ್ಲಿ ಲಾರಿ:
ಎಂಜಿನ್ ಇಳಿಸಿದ್ದಾಯಿತು. ಹೆಡ್ ಬೋಲ್ಟ್ 26. ಅದರಲ್ಲಿ ಎರಡು ತೆಗೆಯುವಾಗ ಪೈಪ್ ಹಾಕಿ ಇಬ್ಬರು ಜೋತುಬಿದ್ದೆವು.

ಈಗ ಕೇಳಿ ಆಘಾತದ ಸುದ್ದಿ. ಪಿಸ್ಟನ್ ತಲೆಯ ಮೇಲಿನ ಕಾರ್ಬನ್ ಕೆರೆದಾಗ ಕೆಳಗೆ ಅಕ್ಷರ ಕಾಣಿಸಿತು: 0.50. ಆರಕ್ಕೆ ಆರೂ ಹಾಗೇ. ಅಂದರೆ ನಾವು ತಗೊಳ್ಳೋ ಮುಂಚೆಯೇ ಒಂದು ಸಲ ಬೋರ್ ಆಗಿದೆ. ಮಾರಿದವರು "ಎಂಜಿನ್ ಕೈ ಹಾಕಿಲ್ಲ, ಕಂಪನಿ ಫಿಟ್ಟಿಂಗ್" ಅಂತ ಆಣೆ ಇಟ್ಟಿದ್ದರು. ಅಪ್ಪ ಒಂದು ಮಾತೂ ಆಡಲಿಲ್ಲ. ಪಿಸ್ಟನ್ ಎತ್ತಿ ಬಿಸಿಲಿಗೆ ಹಿಡಿದು ನೋಡಿದರು, ಇಟ್ಟರು, ಟೀ ಕುಡಿಯೋಕೆ ಹೋದರು.

ಬೋರ್ ಗೇಜ್ ಇರುವ ಒಬ್ಬರನ್ನು ಕರೆಸಿ ಅಳೆಸಿದೆ. ಕೆಳಗೆ 102.52. ಮೇಲೆ, ರಿಂಗ್ ತಿರುಗುವ ಜಾಗದಲ್ಲಿ 102.68. ಹೆಚ್ಚುಕಮ್ಮಿ ಎಲ್ಲ ಸಿಲಿಂಡರೂ ಹೀಗೇ. ಮೇಲುಗಡೆ ಉಗುರು ತಗಲುವಷ್ಟು ದಿಂಡು ಕಟ್ಟಿದೆ. ನಾಲ್ಕನೇದರಲ್ಲಿ ಉದ್ದಕ್ಕೆ ಮೂರು ಗೀರು. ಪಿಸ್ಟನ್ ಪಕ್ಕ ಸುಟ್ಟ ದೋಸೆ ಹಾಗೆ ಕರಕಲು, ಒಂದು ರಿಂಗ್ ಮುರಿದು ಮೂರು ತುಂಡು.

ಬೋರಿಂಗ್ ಬಸಣ್ಣ:
ಡಿಪ್ಲೊಮಾ ಹುಡುಗಾ, ನಿನ್ನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಟೇಪರ್ 0.16. ಮಿತಿಗಿಂತ ಎರಡು ಪಟ್ಟು. ಈ ಬೋರಿನಲ್ಲಿ ಹೊಸ ರಿಂಗ್ ಹಾಕಿದೆ ಅನ್ನು. ವ್ಯಾಸ 0.16 ಬದಲಾದರೆ ಸುತ್ತಳತೆ 3.14 ಪಟ್ಟು ಬದಲಾಗುತ್ತದೆ, ಅಂದರೆ ಅರ್ಧ ಎಂಎಂ. ರಿಂಗ್ ಒಂದು ಕಡೆ ಕತ್ತರಿಸಿರುತ್ತದೆ, ಆ ಬಾಯಿ ಮೇಲೆ ಹೋದಾಗ ಅರ್ಧ ಎಂಎಂ ಬಿಚ್ಚಿಕೊಳ್ಳುತ್ತದೆ, ಕೆಳಗೆ ಬಂದಾಗ ಮುಚ್ಚಿಕೊಳ್ಳುತ್ತದೆ. 2,500 ಆರ್‌ಪಿಎಂನಲ್ಲಿ ನಿಮಿಷಕ್ಕೆ ಐದು ಸಾವಿರ ಸಲ ಈ ಆಟ. ಯಾವ ರಿಂಗ್ ತಡೆಯುತ್ತದೆ? ಜೊತೆಗೆ ಹೊಸ ರಿಂಗಿನ ಚೂಪು ಅಂಚು ಹಳೇ ದಿಂಡಿಗೆ ಬಡಿದು ಮುರಿಯುತ್ತದೆ.

ಕಂಪ್ಲಿ ತಮ್ಮಾ, 0.50 ಆಗಿಹೋಗಿದೆ ಅಂದರೆ ಇನ್ನು ಉಳಿದಿರೋದು 1.00 ಒಂದೇ ಮೆಟ್ಟಿಲು. ಐದು ಸಿಲಿಂಡರ್ ಅದರಲ್ಲಿ ಸಾಫ್ ಆಗುತ್ತವೆ. ನಾಲ್ಕನೇದರ ಗೀರು ಎಷ್ಟು ಆಳ ಇದೆ ಹೇಳು.

ಕಂಪ್ಲಿ ಲಾರಿ:
ಡಯಲ್ ಗೇಜ್‌ನಲ್ಲಿ ಆಳವಾದ ಗೀರು 0.4 ಎಂಎಂ ತೋರಿಸಿತು. ಒಂದು ಎಂಎಂ ಬೋರ್ ಹಾಕಿದರೆ ಹೋಗುತ್ತದೆ ಅಲ್ವಾ? ಇಲ್ಲಿನ ಲೇತ್ ಅಂಗಡಿಯವರು "ಆರಾಮಾಗಿ ಹೋಗುತ್ತೆ" ಅಂದರು.

ಬೋರಿಂಗ್ ಬಸಣ್ಣ:
ಹೋಗಲ್ಲ. ಬಹಳ ಜನ ಎಡವೋದು ಇಲ್ಲೇ, ಅದಕ್ಕೆ ನಿಧಾನವಾಗಿ ಬರೆಯುತ್ತೇನೆ.

ಬೋರ್ ಅಳತೆ ಅಂದರೆ ವ್ಯಾಸ. 102.52ರಿಂದ 103ಕ್ಕೆ ಹೋದರೆ ವ್ಯಾಸದಲ್ಲಿ 0.48 ಜಾಸ್ತಿ ಆಯಿತು. ಆದರೆ ಟೂಲ್ ಎರಡೂ ಪಕ್ಕ ತಿನ್ನುತ್ತದೆ. ಒಂದು ಪಕ್ಕಕ್ಕೆ ಸಿಗೋದು 0.24 ಮಾತ್ರ. ನಿನ್ನ ಗೀರು 0.4. ಬೋರ್ ಮುಗಿದ ಮೇಲೂ 0.16 ಆಳದ ಗೀರು ಹಾಗೇ ನಿಂತಿರುತ್ತದೆ. ಅದರಲ್ಲಿ ಆಯಿಲ್ ಹತ್ತುತ್ತದೆ, ಹೊಗೆ ಇಳಿಯುತ್ತದೆ.

ಗೀರು ಇರುವ ಕಡೆಗೆ ಮೆಷಿನ್ ಸರಿಸಿ ಬೋರ್ ಹಾಕುತ್ತೇನೆ ಅನ್ನುವವರೂ ಇದ್ದಾರೆ. ಬಿಡಬೇಡ. ಬೋರ್ ಸೆಂಟರ್ ಸರಿದರೆ ಪಿಸ್ಟನ್, ರಾಡ್, ಕ್ರ್ಯಾಂಕ್ ಮೂರೂ ಓರೆಯಾಗಿ ಎಳೆಯುತ್ತವೆ.

ನಾಲ್ಕನೇದಕ್ಕೆ ಸ್ಲೀವ್ ಕೂರಿಸು.

ಟೆಕ್ಸಸ್ ಗೌಡ:
ನಮಸ್ಕಾರ, ನಾನು ಮಂಡ್ಯದವನು, ಹ್ಯೂಸ್ಟನ್ ಹತ್ತಿರ ಇದ್ದೇನೆ. ಇಲ್ಲಿ ಇದೇ 5.9 ಎಂಜಿನ್ ಪಿಕಪ್ ಗಾಡಿಗೆ ಬರುತ್ತಿತ್ತು. 1989ರ ಮಾಡೆಲ್‌ನಿಂದ ಡಾಡ್ಜ್‌ಗೆ ಹಾಕಿದರು. ನೀವು 25 ಟನ್ ಎಳೆಸುವ ಎಂಜಿನ್‌ನಲ್ಲಿ ಇಲ್ಲಿಯವರು ಮಕ್ಕಳನ್ನು ಸ್ಕೂಲಿಗೆ ಬಿಟ್ಟುಬರುತ್ತಾರೆ!

ಒಂದೇ ಸಿಲಿಂಡರ್‌ಗೆ ಸ್ಲೀವ್ ಹಾಕೋದು ಇಲ್ಲೂ ಮಾಮೂಲಿ, ಹೆದರಬೇಡಿ. ಇನ್ನೊಂದು ಮಾತು. ಮುಂದಿನ ಟೈಮಿಂಗ್ ಕವರ್ ಬಿಚ್ಚಿದಾಗ ಗೇರ್ ಹೌಸಿಂಗ್‌ನಲ್ಲಿ ಒಂದು ಸಣ್ಣ ಉಕ್ಕಿನ ಡವೆಲ್ ಪಿನ್ ಇರುತ್ತದೆ, ನೋಡಿ. ಇಲ್ಲಿನ ಗಾಡಿಗಳಲ್ಲಿ ಅದು ವೈಬ್ರೇಷನ್‌ಗೆ ನಿಧಾನವಾಗಿ ಹೊರಗೆ ಬಂದು ಗೇರುಗಳ ಮಧ್ಯೆ ಬಿದ್ದು ಎಂಜಿನ್ ಕೊಂದಿರುವ ಉದಾಹರಣೆ ಬೇಕಾದಷ್ಟಿವೆ. "ಕೊಲೆಗಾರ ಪಿನ್" ಅಂತಲೇ ಹೆಸರು. ಅದು ಈಚೆ ಬರದ ಹಾಗೆ ಒಂದು ತಗಡಿನ ಪಟ್ಟಿ ಅಡ್ಡ ಇಟ್ಟು ಪಕ್ಕದ ಬೋಲ್ಟಿಗೆ ಕಚ್ಚಿಸುತ್ತಾರೆ. ಐದು ನಿಮಿಷದ ಕೆಲಸ.

ಹೈವೇ ಹನುಮ:
ಸ್ಲೀವ್, ಬೋರ್, ಇಷ್ಟೆಲ್ಲ ತಲೆನೋವು ಯಾಕೆ? ಗುಜರಿಯಲ್ಲಿ ಒಂದು ಸ್ಟ್ಯಾಂಡರ್ಡ್ ಬ್ಲಾಕ್ ಹುಡುಕಿದರೆ?

ಕಂಪ್ಲಿ ಲಾರಿ:
ನೋಡಿದೆ ಅಣ್ಣ. ಬೇರೆ ಬ್ಲಾಕ್ ಹಾಕಿದರೆ ಎಂಜಿನ್ ನಂಬರ್ ಬದಲಾಗುತ್ತದೆ. ಆರ್‌ಸಿ ತಿದ್ದಿಸಬೇಕು, ಆ ಬ್ಲಾಕ್ ಕದ್ದಿದ್ದಲ್ಲ ಅಂತ ಬಿಲ್ ಇರಬೇಕು. ಗುಜರಿಯವನು ಬಿಲ್ ಅಂದ ತಕ್ಷಣ ಫೋನ್ ಬಂತು ಅಂತ ಒಳಗೆ ಹೋದ. ನಮ್ಮ ಬ್ಲಾಕೇ ವಾಸಿ.

ಬಸಣ್ಣ, ಇಲ್ಲಿನ ಲೇತ್‌ನವರು "ಬ್ಲಾಕ್ ಇವತ್ತೇ ಕೊಡಿ, ಒಂದು ಎಂಎಂ ಹೊಡೆದಿಡ್ತೀನಿ, ಪಿಸ್ಟನ್ ಆಮೇಲೆ ತನ್ನಿ" ಅನ್ನುತ್ತಿದ್ದಾರೆ. ಕೊಡಲಾ?

ಬೋರಿಂಗ್ ಬಸಣ್ಣ:
ಕೊಡಬೇಡ! ಕಾಲಿಗೆ ಅಳತೆ ತಗೊಳ್ಳದೆ ಚಪ್ಪಲಿ ಹೊಲಿದ ಹಾಗಾಗುತ್ತದೆ. ಮೊದಲು ಪಿಸ್ಟನ್ ಸೆಟ್ ಮೆಷಿನ್ ಮೇಲೆ ಇರಬೇಕು. ಒಂದೊಂದು ಪಿಸ್ಟನ್‌ಗೂ ಮೈಕ್ರೋಮೀಟರ್ ಹಿಡಿದು, ಅದು ಯಾವ ಸಿಲಿಂಡರ್‌ಗೆ ಅಂತ ಬರೆದು, ಆ ಪಿಸ್ಟನ್‌ಗೆ ಎಷ್ಟು ಗ್ಯಾಪ್ ಬೇಕೋ ಅಷ್ಟಕ್ಕೆ ಆ ಬೋರ್ ಮುಗಿಸಬೇಕು. ಬೋರಿಂಗ್ ಟೂಲ್‌ನಲ್ಲಿ ಪೂರ್ತಿ ಸೈಜಿಗೆ ಹೋಗಬಾರದು. ಸ್ವಲ್ಪ ಬಿಟ್ಟು, ಕೊನೆಯದನ್ನು ಹೋನಿಂಗ್ ಕಲ್ಲಿನಲ್ಲಿ ತೆಗೆಯಬೇಕು. ಹೋನಿಂಗ್ ಗೆರೆ ಒಂದನ್ನೊಂದು ಕತ್ತರಿಯ ಹಾಗೆ ದಾಟಿರಬೇಕು. ಆ ಗೆರೆಯಲ್ಲೇ ಆಯಿಲ್ ನಿಲ್ಲೋದು. ಕನ್ನಡಿ ಹಾಗೆ ಹೊಳೆಯೋ ಬೋರ್ ತೋರಿಸಿ "ನೋಡಿ ಫಿನಿಷಿಂಗ್" ಅಂದರೆ ದುಡ್ಡು ಕೊಡಬೇಡ.

ಮತ್ತೆ, ಕ್ರ್ಯಾಂಕ್ ಶಾಫ್ಟ್ ಹಿಡಿದಿಡುವ ಮೈನ್ ಬೇರಿಂಗ್ ಕ್ಯಾಪ್‌ಗಳನ್ನು ಅದರದರ ಜಾಗಕ್ಕೆ ಕೂರಿಸಿ 176 ನ್ಯೂಟನ್ ಮೀಟರ್‌ಗೆ ಬಿಗಿದು ಬ್ಲಾಕ್ ಕಳಿಸು. ಬಿಗಿದಾಗ ಬ್ಲಾಕ್ ಹೇಗೆ ನಿಲ್ಲುತ್ತದೋ ಹಾಗೇ ಬೋರ್ ಆಗಲಿ.

ಲೇತ್ ನಾಗಪ್ಪ:
ಬಸಣ್ಣ, ಉಳಿದಿದ್ದೆಲ್ಲ ಸರಿ, ಆ ಕ್ಯಾಪ್ ಬಿಗಿಯೋ ವಿಷಯ ಸ್ವಲ್ಪ ಅತಿ ಆಯಿತು. ನಾನು 20 ವರ್ಷದಿಂದ ಖಾಲಿ ಬ್ಲಾಕಿಗೇ ಬೋರ್ ಹಾಕುತ್ತಿದ್ದೇನೆ. ಒಂದೂ ವಾಪಸ್ ಬಂದಿಲ್ಲ.

ಬೋರಿಂಗ್ ಬಸಣ್ಣ:
ವಾಪಸ್ ಬಂದಿಲ್ಲ ಅಂದರೆ ಬೇರೆ ಕಡೆ ಹೋಗಿರಬಹುದು, ನಾಗಪ್ಪ. 😀 ಇರಲಿ, ಕ್ಯಾಪ್ ಬಿಗಿಯೋಕೆ ಅರ್ಧ ಗಂಟೆ. ಅದರಿಂದ ನಷ್ಟ ಇಲ್ಲ.

ಕಂಪ್ಲಿ ಲಾರಿ:
ಹುಬ್ಬಳ್ಳಿಗೆ ಒಯ್ದೆ. ಎರಡು ದಿನ ಅಲ್ಲೇ ಕೂತಿದ್ದೆ, ಲಾಡ್ಜ್ ಖರ್ಚು ಹೋದರೆ ಹೋಗಲಿ ಅಂತ.

ನಾಲ್ಕನೇದಕ್ಕೆ ಮೊದಲು ದೊಡ್ಡದಾಗಿ ಬೋರ್ ಹಾಕಿದರು. ಆದರೆ ಕೆಳಗಿನ ತುದಿವರೆಗೆ ಹೋಗಲಿಲ್ಲ, ಸ್ವಲ್ಪ ಮೊದಲೇ ನಿಲ್ಲಿಸಿ ಒಂದು ಮೆಟ್ಟಿಲು ಬಿಟ್ಟರು. ಸ್ಲೀವ್ ಅದರ ಮೇಲೆ ಕೂರುತ್ತದೆ, ಜಾರಿ ಇಳಿಯಲ್ಲ. ಸ್ಲೀವ್ ಪ್ರೆಸ್‌ನಲ್ಲಿ ಇಳಿಯುವಾಗ ಎಮ್ಮೆ ನರಳಿದ ಹಾಗೆ ಸದ್ದು. ಮೇಲೆ ಉಳಿದ ತುದಿಯನ್ನು ಬ್ಲಾಕ್ ಮಟ್ಟಕ್ಕೆ ಹೆರೆದರು. ಆಮೇಲೆ ಸ್ಲೀವನ್ನೂ ಸೇರಿಸಿ ಆರನ್ನೂ 1.00 ಸೈಜಿಗೆ. ಬೋರಿಂಗ್ ಬಾರ್ ಇಳಿಯೋದು ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಬೀಡು ಕಬ್ಬಿಣದ ಪುಡಿ ರಾಗಿ ಹಿಟ್ಟಿನ ಹಾಗೆ ನುಣ್ಣಗೆ ಸುರಿಯುತ್ತದೆ. ಕೈಯಲ್ಲಿ ಹಿಡಿದರೆ ಬೆಚ್ಚಗೆ.

ಅಲ್ಲಿನ ಮೇಸ್ತ್ರಿ ಇನ್ನೊಂದು ಹುಡುಕಿ ಕೊಟ್ಟರು. ಪ್ರತಿ ಸಿಲಿಂಡರ್ ಕೆಳಗೆ ಪಿಸ್ಟನ್‌ಗೆ ಆಯಿಲ್ ಚಿಮ್ಮಿಸುವ ಸಣ್ಣ ನಾಜಲ್ ಇರುತ್ತದಂತೆ. ನಾಲ್ಕನೇದರ ತೂತಿನಲ್ಲಿ ಗ್ಯಾಸ್ಕೆಟ್ ಅಂಟು ಗಟ್ಟಿಯಾಗಿ ಕೂತಿತ್ತು. ಹಿಂದೆ ಕೆಲಸ ಮಾಡಿದವರು ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ, ಅಂದರೆ ಸಂಪ್‌ಗೆ, ಅಂಟನ್ನು ಗೋಡೆಗೆ ಗಾರೆ ಹಾಕಿದ ಹಾಗೆ ಹಾಕಿದ್ದರು. ಆ ತುಂಡೇ ಒಳಗೆ ಹೋಗಿರಬೇಕು. ಆಯಿಲ್ ಬರದೆ ಪಿಸ್ಟನ್ ಕಾದು ಕಚ್ಚಿದೆ. ಕಾಳಿನಷ್ಟು ಅಂಟು!

ಕ್ರ್ಯಾಂಕ್ ಕೂಡ ಗ್ರೈಂಡಿಂಗ್ ಆಯಿತು, 0.25 ಎಂಎಂ ಸಣ್ಣದಾಗಿ, ಅಂದರೆ ಅಂಡರ್‌ಸೈಜ್.

ಬೋರಿಂಗ್ ಬಸಣ್ಣ:
ಒಳ್ಳೇ ಮೇಸ್ತ್ರಿ ಸಿಕ್ಕಿದ್ದಾನೆ, ಬಿಡಬೇಡ ಅವನನ್ನು. ಕ್ರ್ಯಾಂಕ್ ಜರ್ನಲ್, ಅಂದರೆ ಬೇರಿಂಗ್ ಕೂರುವ ಜಾಗ, ಅದರ ಎರಡೂ ತುದಿಯ ಮೂಲೆ ಗುಂಡಗೆ ಇದೆಯಾ ನೋಡು. ಮೂಲೆಯನ್ನು ಚೌಕಾಕಾರ ಹೊಡೆದಿದ್ದರೆ ಅಲ್ಲಿಂದಲೇ ಬಿರುಕು ಶುರು.

ಈಗ ತೊಳೆಯೋದು. ಹೋನಿಂಗ್ ಆದ ಬೋರನ್ನು ಡೀಸೆಲ್‌ನಲ್ಲಿ, ಸೀಮೆಎಣ್ಣೆಯಲ್ಲಿ ತೊಳೆದು ಮುಗಿಯಿತು ಅನ್ನಬೇಡ. ಅದು ಕಲ್ಲಿನ ಪುಡಿಯನ್ನು ಇನ್ನಷ್ಟು ಒಳಗೆ ಕೂರಿಸುತ್ತದೆ. ಬಿಸಿನೀರು, ಬಟ್ಟೆ ಒಗೆಯೋ ಪೌಡರ್, ಬ್ರಷ್. ಬ್ಲಾಕ್ ಒಳಗೆ ಆಯಿಲ್ ಓಡಾಡೋ ದಾರಿ, ಅಂದರೆ ಆಯಿಲ್ ಗ್ಯಾಲರಿ, ಅದರ ಪ್ಲಗ್ ಎಲ್ಲ ಬಿಚ್ಚಿ ಒಳಗೂ ಉಜ್ಜು. ಆಮೇಲೆ ಬಿಳಿ ಬಟ್ಟೆಗೆ ಆಯಿಲ್ ಅದ್ದಿ ಬೋರ್ ಒರೆಸು. ಬಟ್ಟೆ ಬೂದಿ ಬಣ್ಣ ಆದರೆ ಮತ್ತೆ ತೊಳಿ. ಬಿಳಿಯಾಗೇ ಈಚೆ ಬರೋವರೆಗೂ ಬಿಡಬೇಡ.

ಕಂಪ್ಲಿ ಲಾರಿ:
ಅಮ್ಮನ ಹಂಡೆಯಲ್ಲಿ ನೀರು ಕಾಯಿಸಿದ್ದು. ಅಪ್ಪನ ಹಳೇ ಬಿಳಿ ಪಂಚೆ ಹರಿದಿದ್ದು. ಐದನೇ ಸಲಕ್ಕೆ ಬಟ್ಟೆ ಬಿಳಿಯಾಗಿ ಬಂತು. ಒಣಗಿಸೋಣ ಅಂತ ಬಿಸಿಲಿಗೆ ಇಟ್ಟು ಊಟಕ್ಕೆ ಕೂತೆ. ಕೈ ತೊಳೆದು ಬರೋ ಹೊತ್ತಿಗೆ ಒಂದನೇ ಸಿಲಿಂಡರ್‌ನಲ್ಲಿ ತೆಳ್ಳಗೆ ಕೆಂಪು ತುಕ್ಕು! ಓಡಿಹೋಗಿ ಆಯಿಲ್ ಬಳಿದೆ. ಅಮ್ಮ ಮಾತ್ರ ಹಂಡೆ ವಿಷಯಕ್ಕೆ ಇನ್ನೂ ಬೈಯುತ್ತಿದ್ದಾರೆ.

ಬೋರಿಂಗ್ ಬಸಣ್ಣ:
ಹಾಹಾ. ತೊಳೆದ ಕೈಯಲ್ಲೇ ಆಯಿಲ್ ಬಳಿಯಬೇಕು. ತೆಳು ತುಕ್ಕಾದರೆ ಹುಬ್ಬಳ್ಳಿಯವನಿಗೆ ಕೇಳಿ ಹೋನ್ ಎರಡು ಏಟು ಆಡಿಸಿ ಮತ್ತೆ ತೊಳಿ. ಅಸೆಂಬ್ಲಿಗೆ ಮುಂಚೆ ಒಂದೊಂದು ರಿಂಗನ್ನೂ ಅದರ ಬೋರಿನಲ್ಲಿ ಹಾಕಿ, ಪಿಸ್ಟನ್ ತಲೆಯಿಂದ ನೇರಕ್ಕೆ ತಳ್ಳಿ, ಬಾಯಿ ಗ್ಯಾಪ್ ಅಳೆ. ಮೇಲಿನ ರಿಂಗ್‌ಗೆ 0.40ರಿಂದ 0.70 ಇರಬೇಕು. ಹದಿನೆಂಟು ರಿಂಗ್ ಇವೆ. ಹದಿನೆಂಟನ್ನೂ ಅಳೆ.

ಕಂಪ್ಲಿ ಲಾರಿ:
ಬಸಣ್ಣ, ಹದಿನೆಂಟು ಅಳಿ ಅಂದಾಗ ಮನಸ್ಸಲ್ಲೇ ಬೈಕೊಂಡಿದ್ದೆ. ಈಗ ಕ್ಷಮೆ ಕೇಳುತ್ತಿದ್ದೇನೆ.

ಐದು ಸಿಲಿಂಡರ್ ಸರಿ ಬಂತು, ಮೇಲಿನ ರಿಂಗ್ 0.50, 0.55 ಹೀಗೆ. ಆರನೇದರ ಮೇಲಿನ ರಿಂಗ್ ಹಾಕಿದೆ. ಸಂದು ಅಳೆಯೋ ಫೀಲರ್ ಗೇಜ್ ಬೇಕಾಗಲೇ ಇಲ್ಲ. ಬಾಯಿ ಎಷ್ಟು ಬಿಟ್ಟಿತ್ತು ಅಂದರೆ ಬೆಂಕಿಕಡ್ಡಿ ಸಿಕ್ಕಿಸಿದರೆ ನಿಂತುಕೊಂಡಿತು. ಗೇಜ್ ಬ್ಲೇಡ್ ಜೋಡಿಸಿ ಅಳೆದೆ, 2.1 ಎಂಎಂ. ಬೋರ್ ತಪ್ಪಿತಾ ಅಂತ ಎದೆ ಧಸಕ್ ಅಂದಿತು. ಬೋರ್ ಗೇಜ್ ಹಾಕಿದರೆ ಉಳಿದ ಐದರಷ್ಟೇ ಇದೆ. ಏನಿದು?

ಬೋರಿಂಗ್ ಬಸಣ್ಣ:
ಬೋರ್ ಸರಿ ಇದೆ, ಹೆದರಬೇಡ. 2.1ರಲ್ಲಿ ಇರಬೇಕಾದ ಅರ್ಧ ಕಳೆ. 1.6 ಉಳಿಯಿತು. 3.14ರಿಂದ ಭಾಗಿಸು. ಎಷ್ಟು ಬಂತು? ಹತ್ತಿರ ಹತ್ತಿರ ಅರ್ಧ ಎಂಎಂ. ಅದು 0.50 ಸೈಜಿನ ರಿಂಗು, 1.00ರ ಡಬ್ಬಿಗೆ ಸೇರಿಕೊಂಡಿದೆ. ರಿಂಗ್ ಮೇಲೆ ಮಾರ್ಕ್ ನೋಡು.

ಕಂಪ್ಲಿ ಲಾರಿ:
ಭೂತಗನ್ನಡಿ ಹಿಡಿದು ನೋಡಿದೆ. 0.50 ಅಂತಲೇ ಇದೆ! ಡಬ್ಬಿ ಮೇಲೆ 1.00. ಬೆಂಗಳೂರಿನ ಜೆ.ಸಿ. ರಸ್ತೆ ಕಡೆಯಿಂದ ತರಿಸಿದ್ದು, ಅಂಗಡಿ ಹೆಸರು ಬೇಡ. ಫೋಟೊ ಕಳಿಸಿದ ಮೇಲೆ ಬದಲಾಯಿಸಿ ಕೊಟ್ಟರು. "ಯಾರೋ ಬಿಚ್ಚಿ ನೋಡಿ ವಾಪಸ್ ಹಾಕಿರ್ತಾರೆ" ಅಂದರು. ನಾನು ಅಳೆಯದೆ ಹಾಕಿದ್ದರೆ ಆರನೇ ಸಿಲಿಂಡರ್ ಮೊದಲ ದಿನದಿಂದಲೇ ಹೊಗೆ ಬಿಡುತ್ತಿತ್ತು, ನಾನು ಬೋರಿಂಗ್‌ನವರ ಜೊತೆ ಜಗಳಕ್ಕೆ ಹೋಗುತ್ತಿದ್ದೆ.

ಡಿಪ್ಲೊಮಾ ಹುಡುಗ:
ಸರ್, ಗಾಡಿ ನೋಡದೆ ರಿಂಗ್ ಸೈಜ್ ಹೇಳಿದ್ರಲ್ಲ! ಇದನ್ನು ನಮ್ಮ ಲೆಕ್ಚರರ್‌ಗೆ ತೋರಿಸುತ್ತೇನೆ.

ಕಂಪ್ಲಿ ಲಾರಿ:
ಎಂಜಿನ್ ಕೂತಿತು. ಎಳೆದುಕೊಂಡಿದ್ದ ಹೆಡ್ ಬೋಲ್ಟ್‌ಗಳ ಬದಲು ಹೊಸದು. ಟಾರ್ಕ್ ರೆಂಚ್ ಬಾಡಿಗೆಗೆ ತಂದೆ. ಕೊನೆಗೆ ಎಲ್ಲಕ್ಕೂ 90 ಡಿಗ್ರಿ ತಿರುವು. ಟ್ಯಾಪೆಟ್ (ವಾಲ್ವ್ ಸಂದು) ಎಂಜಿನ್ ತಣ್ಣಗಿದ್ದಾಗ ಇನ್‌ಲೆಟ್ 0.25, ಎಕ್ಸಾಸ್ಟ್ 0.51. ಗೌಡರು ಹೇಳಿದ ಪಿನ್‌ಗೆ ಪಟ್ಟಿ ಕಚ್ಚಿಸಿದೆ. ಆಗಲೇ ಒಂದು ಅಕ್ಕಿಕಾಳಿನಷ್ಟು ಈಚೆ ಬಂದಿತ್ತು, ನೋಡಿ ಮೈ ಜುಮ್ ಅಂತು. ಟರ್ಬೊ ಬೇರೆ, ಹೋಸ್ ಹೊಸದು, ಕ್ಲಿಪ್ಪೂ ಹೊಸದು.

ನಾಳೆ ಸ್ಟಾರ್ಟ್. ಏನಾದರೂ ಮರೆತಿದ್ದೇನಾ?

ಬೋರಿಂಗ್ ಬಸಣ್ಣ:
ಟರ್ಬೊ ಆಯಿಲ್ ಪೈಪ್ ಬಿಚ್ಚಿ ಒಂದಿಷ್ಟು ಆಯಿಲ್ ಸುರಿ. ಡೀಸೆಲ್ ಬಂದ್ ಮಾಡಿ ಸೆಲ್ಫ್ ಹೊಡಿ, ಆಯಿಲ್ ಪ್ರೆಷರ್ ಮುಳ್ಳು ಏಳಲಿ. ಆಮೇಲೆ ಡೀಸೆಲ್ ಬಿಡು. ಎದ್ದ ಮೇಲೆ ಗಂಟೆಗಟ್ಟಲೆ ಸ್ಲೋದಲ್ಲಿ ನಿಲ್ಲಿಸಿ ಪೂಜೆ ಮಾಡಬೇಡ. ರಿಂಗ್ ಕೂರೋದು ಲೋಡ್‌ನಲ್ಲಿ, ಸ್ಲೋದಲ್ಲಿ ಅಲ್ಲ. ಸೋರಿಕೆ ನೋಡಿಕೊಂಡು ರಸ್ತೆಗೆ ಇಳಿಸು. ಮೊದಲು ಅರ್ಧ ಲೋಡ್, ಗೇರ್ ಬದಲಾಯಿಸುತ್ತಾ ಹೋಗು. ಒಂದೇ ಸ್ಪೀಡಿನಲ್ಲಿ ಎಳೆಯಬೇಡ. ಮೊದಲ ಆಯಿಲ್ ಬೇಗ ಇಳಿಸು.

ಕಂಪ್ಲಿ ಲಾರಿ:
ಎದ್ದಿತು! ಎರಡನೇ ಸೆಲ್ಫ್‌ಗೆ. ಅಪ್ಪ ನಿಂಬೆಹಣ್ಣು ಇಟ್ಟು ಅದರ ಮೇಲೆ ಚಕ್ರ ಹತ್ತಿಸಿದರು. ಎಂಜಿನ್ ಕೆಲಸಕ್ಕೂ ನಿಂಬೆಹಣ್ಣಿಗೂ ಏನು ಸಂಬಂಧ ಅಂತ ಕೇಳಲಿಲ್ಲ.

ಎಲ್ಲ ಸೇರಿ ಒಂದು ಲಕ್ಷ ಎಂಬತ್ತು ಸಾವಿರ ದಾಟಿತು. ಅದರಲ್ಲಿ ಟರ್ಬೊದೇ ದೊಡ್ಡ ಪಾಲು. ಆ ಹೋಸ್ ಮೊದಲೇ ಬದಲಾಯಿಸಿದ್ದರೆ ಇಷ್ಟೂ ಉಳಿಯುತ್ತಿತ್ತು ಅಂತ ರಾತ್ರಿ ಮಲಗಿದಾಗಲೆಲ್ಲ ನೆನಪಾಗುತ್ತದೆ.

ಕಂಪ್ಲಿ ಲಾರಿ:
ಒಂದೂವರೆ ತಿಂಗಳಾಯಿತು, ಅಪ್‌ಡೇಟ್ ಕೊಡದೆ ಇದ್ದೆ, ಕ್ಷಮಿಸಿ. 6,000 ಕಿ.ಮೀ. ಮೊನ್ನೆ ಪೂರ್ತಿ ಲೋಡ್ ಗೊಬ್ಬರ ಹಾಕಿಕೊಂಡು ಶಿರಾಡಿ ಹತ್ತಿದೆ. ಆ ಉದ್ದನೆಯ ಏರಿನಲ್ಲಿ ಮೂರನೇ ಗೇರ್, ಮುಂದೆ ಹೋಗುತ್ತಿದ್ದ ಟ್ಯಾಂಕರ್‌ನಿಂದಾಗಿ ನಿಧಾನ ಮಾಡಬೇಕಾಯಿತು. ಬ್ರೀದರ್ ಹತ್ತಿರ ಕೈ ಹಿಡಿದರೆ ಸ್ವಲ್ಪ ಬೆಚ್ಚನೆ ಗಾಳಿ, ಅಷ್ಟೇ. ಗಂಗಾವತಿಯಿಂದ ಮಂಗಳೂರಿಗೆ ಹೋಗಿ ಬರೋ ಹೊತ್ತಿಗೆ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಇಳಿದಿದ್ದು ಕಣ್ಣಿಗೆ ಕಾಣಲ್ಲ.

ಮೇಸ್ತ್ರಿ ಸಿಕ್ಕಿದಾಗ "ನೋಡಿದ್ಯಾ, ದೊಡ್ಡ ಪಿಸ್ಟನ್ನು, ಪವರ್ ಹೆಂಗೆ ಜಾಸ್ತಿ ಆಯ್ತು" ಅಂದರು. ಒಂದು ಲೋಟ ಟೀ ಕುಡಿಸಿದೆ.

ಹೈವೇ ಹನುಮ:
ನಾನೇ ಸೋತೆ ಬಿಡಿ. ಹಳೇ ಪಿಸ್ಟನ್ ಇದ್ದರೆ ನನಗೊಂದು ಬೇಕು, ಮೇಜಿನ ಮೇಲೆ ಇಡೋಕೆ.

ಕಂಪ್ಲಿ ಲಾರಿ:
ನಾಲ್ಕು ಇವೆ, ತಗೊಳ್ಳಿ. ಸುಟ್ಟಿದ್ದನ್ನು ಡಿಪ್ಲೊಮಾ ಹುಡುಗ ಕಾಲೇಜಿಗೆ ಕೇಳಿದ್ದಾನೆ. ಇನ್ನೊಂದು ಅಪ್ಪ ಕೊಡಲ್ಲ. 0.50 ಅನ್ನೋ ಅಕ್ಷರ ಮೇಲೆ ಬರೋ ಹಾಗೆ ಡ್ಯಾಶ್‌ಬೋರ್ಡ್ ಮೇಲೆ ಇಟ್ಟುಕೊಂಡಿದ್ದಾರೆ.